ಬೂ ಸಾಲೆಮ್ ಕಾರಿಗೆ ನಾನು ಆರಿಸಿದ ಗೇರ್‌ಬಾಕ್ಸ್

ಕುವೈತಿನಲ್ಲಿ ಸ್ಪ್ಯಾನರ್ ಹಿಡಿದವರನ್ನೆಲ್ಲ ‘ಮುಹಂದಿಸ್’ ಎನ್ನುತ್ತಾರೆ. ಅಂದರೆ ಎಂಜಿನಿಯರ್. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ಇಲ್ಲಿ ಒಂದು ಕಂಪನಿಯ ಏಸಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ನಾನೂ ಮುಹಂದಿಸನೇ. ಹತ್ತು ವರ್ಷ ಹಾಗೆ ಕರೆಸಿಕೊಂಡವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬರುವುದಿಲ್ಲ. ‘ಮಾಫಿ ಮುಷ್ಕಿಲ್’, ಏನೂ ತೊಂದರೆಯಿಲ್ಲ, ಎಂಬುದೊಂದೇ ಬರುತ್ತದೆ.

ಆದ್ದರಿಂದ ನಮ್ಮ ಕಫೀಲರು, ಅಂದರೆ ವೀಸಾ ಕೊಟ್ಟ ಯಜಮಾನರು, ಆದ ಬೂ ಸಾಲೆಮ್ ಒಂದು ದಿನ ಸಲ್ವಾದ ತಮ್ಮ ಮನೆಗೆ ಕರೆಸಿ, ಹಳೆಯ ಅಮೆರಿಕನ್ ಕಾರೊಂದರ ಹೊದಿಕೆ ಸರಿಸಿದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು! ಅದು ತೀರಿಹೋದ ಅವರ ಅಣ್ಣನ ಕಾರು. ಬೂ ಸಾಲೆಮ್ ಅದಕ್ಕೆ ಐನೂರು ಕುದುರೆಶಕ್ತಿಯ ಹೊಸ ಎಂಜಿನ್ ಕೂಡಿಸಿದ್ದರು. ಹಳೆಯ ಗೇರ್‌ಬಾಕ್ಸ್ ಮೊದಲ ದಿನವೇ ಹಲ್ಲು ಉದುರಿಸಿಕೊಂಡಿತ್ತು.

“ಗಟ್ಟಿಯಾದದ್ದು ಬೇಕು. ಕೈಯಿಂದ ಗೇರ್ ಹಾಕುವಂಥದ್ದೇ ಬೇಕು,” ಎಂದರು, ಹಳೆಯ ಕುವೈತಿಗಳಿಗೆ ಬರುವ ಸೊಗಸಾದ ಹಿಂದಿಯಲ್ಲಿ. “ಅಣ್ಣ ಇದನ್ನು ಒಂದು ದಿನವೂ ನನಗೆ ಓಡಿಸಲು ಕೊಡಲಿಲ್ಲ. ಒಂದು ಸಲ ಸಮುದ್ರದ ರಸ್ತೆಯಲ್ಲಿ ನಾನು ಓಡಿಸಬೇಕು.”

ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು.

“ಮಾಫಿ ಮುಷ್ಕಿಲ್!” ಎಂದೆ.

ಮೂರು ವಾರ ರಿಗ್ಗೈಯ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಬರೀ ಕ್ಯಾಟಲಾಗುಗಳು. ಐದು ಗೇರಿನದು, ಆರು ಗೇರಿನದು, ಯಾವುದರ ಶಾಫ್ಟ್ ಎಷ್ಟು ದಪ್ಪ, ಯಾವುದು ಎಷ್ಟು ಜಗ್ಗಾಟ ತಡೆಯುತ್ತದೆ ಎಂದು ಪಟ್ಟಿ ಮಾಡಿದೆ. ನನ್ನ ಹೆಂಡತಿ ಸುಜಾತಾ ಆಸ್ಪತ್ರೆಯಲ್ಲಿ ನರ್ಸ್. ರೊಟ್ಟಿಯ ತಟ್ಟೆ ಇಡಲು ಜಾಗ ಹುಡುಕುತ್ತ ಕೇಳಿದಳು:

“ಅಲ್ರೀ, ಇದನ್ನ ಓಡ್ಸಾವ್ರು ಯಾರು?”

“ಓಡ್ಸಾವ್ರ ಮಾತ್ ಯಾಕ ಈಗ? ಎಂಜಿನ್ ಜೋರು ತಡಕೋಬೇಕು, ಅಷ್ಟ.”

“ಊರಾಗ ನಾ ಅಪ್ಪನ ಜೀಪ್ ಓಡ್ಸೀನ್ರೀ. ಕ್ಲಚ್ ಒತ್ತಿ ಒತ್ತಿ ಕಾಲ್ ಬಿದ್ದ ಹೋಗ್ತಿತ್ತು. ಅದಕ ಕೇಳ್ದೆ.”

ತಾಂತ್ರಿಕ ಶಿಕ್ಷಣವಿಲ್ಲದವರ ಮಾತೆಂದು ಅದನ್ನು ಗಂಭೀರವಾಗಿ ತಳ್ಳಿಹಾಕಿದೆ. ಗ್ಯಾರೇಜಿನ ಮೆಕ್ಯಾನಿಕ್ ಕೂಡ “ಭಾಯಿ, ಕ್ಲಚ್ ಸ್ವಲ್ಪ ಹಗುರ ಇರಲಿ” ಎಂದ. ಹಗುರ! ಐನೂರು ಕುದುರೆಗಳ ಮುಂದೆ! ಪಟ್ಟಿಯಲ್ಲೇ ಅತಿ ಗಟ್ಟಿಯಾದ ಆರು ಗೇರಿನದನ್ನು ಆರಿಸಿ, ಅದಕ್ಕೆ ಸಿಕ್ಕಿದ್ದರಲ್ಲೇ ಅತಿ ಬಿಗಿಯಾದ ಕ್ಲಚ್ ಹಾಕಿಸಿದೆ.

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಸಲ್ವಾಕ್ಕೆ ಹೋದೆವು. ಬೂ ಸಾಲೆಮ್ ಹೊಸ ಬಿಳಿ ನಿಲುವಂಗಿ ತೊಟ್ಟಿದ್ದರು. ದೇವರ ಹೆಸರು ಹೇಳಿ ಕೂತು, ಎಡಗಾಲಿನಿಂದ ಕ್ಲಚ್ ಒತ್ತಿದರು. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದರು. ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು.

“ರೀ,” ಎಂದಳು ಸುಜಾತಾ ಮೆಲ್ಲಗೆ, “ಹೋದ ವರ್ಷ ಇವ್ರ ಎಡ ಮೊಣಕಾಲ ಆಪರೇಶನ್ ಆದಾಗ ಹಣ್ಣಿನ ಬುಟ್ಟಿ ತಗೊಂಡ ನೋಡಾಕ ಹೋಗಿದ್ದು ನೀವ ಅಲ್ಲೇನು?”

ನಾನೇ. ಅವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒಳಗಿನ ಲೋಹದ ಕೀಲು ಎಷ್ಟು ಭಾರ ತಡೆಯುತ್ತದೆಂದು ಅರ್ಧ ಗಂಟೆ ವಿವರಿಸಿದವನೂ ನಾನೇ!

ಬೂ ಸಾಲೆಮ್ ಒಂದು ಮಾತೂ ಬೈಯಲಿಲ್ಲ. ಕುಂಟುತ್ತ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ, ಇಲ್ಲಿಯ ಕಾರುಗಳಲ್ಲಿ ಅದು ಬಲಗಡೆ, ಕೂತರು. “ಅಣ್ಣ ಇದ್ದಾಗಲೂ ನನ್ನ ಜಾಗ ಇದೇ,” ಎಂದರು. “ಯಲ್ಲಾ, ನಡಿ ಮುಹಂದಿಸ್, ನೀನೇ ಓಡಿಸು.” ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಕಾರು ಕಲಿತದ್ದು ಕುವೈತಿನಲ್ಲಿ, ಆಟೋಮ್ಯಾಟಿಕ್‌ನಲ್ಲಿ. ಕ್ಲಚ್ಚಿನ ಬಗ್ಗೆ ನನಗಿದ್ದ ಜ್ಞಾನವೆಲ್ಲ ಕ್ಯಾಟಲಾಗಿನದು. ಗೇಟು ದಾಟುವುದರೊಳಗೆ ಕಾರು ಆರು ಸಲ ನೆಗೆದು ನಿಂತಿತು. “ಖಲಾಸ್,” ಎಂದರು ಬೂ ಸಾಲೆಮ್.

ದಿನವೂ ಆಸ್ಪತ್ರೆಗೆ ತಾನೇ ಕಾರು ಓಡಿಸಿಕೊಂಡು ಹೋಗುವ ಸುಜಾತಾ, ಚಪ್ಪಲಿ ಬಿಚ್ಚಿ ನನ್ನ ಜಾಗಕ್ಕೆ ಬಂದಳು. ನಾನು ಹಿಂದಿನ ಸೀಟಿನಲ್ಲಿ ಮುದುಡಿ ಕೂತೆ. ಸಮುದ್ರದ ರಸ್ತೆ ಬಂದಾಗ ಅವಳು, “ನಾನು ಕ್ಲಚ್ ಒತ್ತುತ್ತೇನೆ, ಗೇರ್ ನೀವು ಹಾಕಿ” ಎಂದು ಅವರಿಗೆ ಹಿಂದಿಯಲ್ಲಿ ಹೇಳಿದಳು. ಬೂ ಸಾಲೆಮ್ ಎಡಗೈ ಚಾಚಿ ಅಣ್ಣನ ಕಾರಿಗೆ ಗೇರ್ ಹಾಕಿದರು. ಒಂದು, ಎರಡು, ಮೂರು. ನಕ್ಕರು, ಕಣ್ಣೊರೆಸಿಕೊಂಡರು.

“ಈ ಕ್ಲಚ್ ಬದಲಿಸಬೇಕು. ಯಾವುದು ಹಾಕಿಸೋಣ?” ಎಂದು ಕೇಳಿದರು.

ಹತ್ತು ವರ್ಷದಲ್ಲಿ ಮೊದಲ ಸಲ ನಾನು ಧೈರ್ಯ ಮಾಡಿ, “ಗೊತ್ತಿಲ್ಲ” ಎಂದೆ.

ಅವರು ಕೇಳಿದ್ದು ಸುಜಾತಾಳನ್ನು.