ಬಾಶಿ ಲೊಂಬೆಯವರ ದೊಡ್ಡ ಪರದೆ

ಬಾಶಿ ಲೊಂಬೆಯವರ ಲ್ಯಾಪ್‌ಟಾಪಿಗೆ ಎಬ್ಬಿಸಿದ ಕೂಡಲೇ ಏಳುವ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು. ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಹೆಂಡತಿ ಜೋಳದ ಹಿಟ್ಟಿನ ನ್ಶಿಮಾ ಮುದ್ದೆ ತೊಳಸುವುದನ್ನು ನಿಂತು ನೋಡಿ, ಅದರ ಬಗ್ಗೆ ಒಂದೆರಡು ಸಲಹೆ ಕೊಟ್ಟು, ಬೈಸಿಕೊಂಡು ವಾಪಸು ಬಂದರೂ ಪರದೆಯ ಮೇಲೆ ಆ ಪುಟ್ಟ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕೊನೆಗೆ ಎದ್ದರೂ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತಿತ್ತು. ಕತ್ತು ಮುರಿದ ಪರದೆಯನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಬೇಕಿತ್ತು. (ಡಬ್ಬದಲ್ಲಿ ಸಕ್ಕರೆ ಇರಲೇಬೇಕು. ಖಾಲಿಯಾದರೆ ಪರದೆಯೂ ಡಬ್ಬವೂ ಜೊತೆಯಾಗಿ ಹಿಂದಕ್ಕೆ ಉರುಳುತ್ತಿದ್ದವು.)

ಅವರ ನಿಜವಾದ ಹೆಸರು ಕಸೊಂಡೆ. ಮಗಳು ಲೊಂಬೆ ಹುಟ್ಟಿದ ಮೇಲೆ ಊರಿನ ಪದ್ಧತಿಯಂತೆ ಅವರು ಬಾಶಿ ಲೊಂಬೆ, ಲೊಂಬೆಯ ಅಪ್ಪ, ಆದರು. ಹೆಂಡತಿ ಬಾನಾ ಲೊಂಬೆ, ಲೊಂಬೆಯ ಅಮ್ಮ, ಆದರು. ಕೆಲಸ, ಮದುವೆಗಳಲ್ಲಿ ಮೈಕು ಹಿಡಿದು ಕಾರ್ಯಕ್ರಮ ನಡೆಸಿಕೊಡುವುದು. ಎನ್‌ಡೋಲಾ ಪಟ್ಟಣದಲ್ಲಿ ಅವರ ಮಾತು ಕೇಳದೆ ಮದುವೆಯಾದವರು ಕಡಿಮೆ. ಆ ಮಾತು ಮುಗಿಯುವುದನ್ನು ಕಂಡವರು ಇನ್ನೂ ಕಡಿಮೆ. ಕೇಕು ಕತ್ತರಿಸಲು ಚಾಕು ಎತ್ತಿದ ಗಂಡುಹೆಣ್ಣು ಕೈ ಸೋತು ಚಾಕು ಕೆಳಗಿಟ್ಟದ್ದೂ ಉಂಟು.

ಇಂಥವರ ಮನೆಗೆ ಒಂದು ಸಂಬಂಧ ಕೂಡಿಬಂತು. ಲೊಂಬೆ ಆಸ್ಪತ್ರೆಯಲ್ಲಿ ನರ್ಸು. ಅವಳು ಮೆಚ್ಚಿದ ಹುಡುಗ ಡಾಲಿಟ್ಸೊ ಜೆರೆ, ದೂರದ ಚಿಪಾಟಾದವನು, ಎನ್ಗೋನಿ ಜನ. ಮಧ್ಯಸ್ಥ ಬಂದು ಹೋಗಿದ್ದ, ಮಾತುಕತೆ ಆಗಿತ್ತು. ಒಂದೇ ಒಂದು ಬಾಕಿ. ಹುಡುಗನ ಅಜ್ಜಿ ಗೋಗೋ ಜೆರೆ ಹೂಂ ಅನ್ನಬೇಕಿತ್ತು. ಆಕೆಗೆ ಕಣ್ಣು ಮಂಜು, ಬಸ್ಸಿನಲ್ಲಿ ಕೂರುವ ಶಕ್ತಿಯಿಲ್ಲ, ಆದರೆ ಆ ಮನೆಯಲ್ಲಿ ಆಕೆಯ ಮಾತು ಮೀರುವವರೂ ಇಲ್ಲ. ಹೆಣ್ಣಿನ ಅಪ್ಪ ಎಂಥ ಮನುಷ್ಯ ಅಂತ ಖುದ್ದಾಗಿ ನೋಡದೆ ಮೊಮ್ಮಗನನ್ನು ಕೊಡುವುದಿಲ್ಲ ಅಂತ ಪಟ್ಟು ಹಿಡಿದಿದ್ದರು. ಶನಿವಾರ ಬೆಳಿಗ್ಗೆ ವಿಡಿಯೋದಲ್ಲಿ ಭೇಟಿ ಅಂತ ಗೊತ್ತಾಯಿತು.

ಬಾಶಿ ಲೊಂಬೆಯವರ ರಕ್ತ ಕುದಿಯಿತು, ಸಂತೋಷಕ್ಕೆ. ಇಂಥ ಸಭೆಗೆ ಈ ಗೊರಕೆಯ ಲ್ಯಾಪ್‌ಟಾಪೇ? ದೊಡ್ಡ ಪರದೆಯ, ಮೇಜಿನ ಮೇಲೆ ಸಿಂಹಾಸನಾರೂಢವಾಗಿ ಕೂರುವ ಡೆಸ್ಕ್‌ಟಾಪೇ ಆಗಬೇಕು ಅಂತ ಘೋಷಿಸಿದರು. ಹಿಂದೆ ಆ ಮನೆಯಲ್ಲಿ ಹೊಸ ಫ್ರಿಜ್ಜಿನ ಮಾತೊಂದು ಎದ್ದಿತ್ತು. ಈಗ ಅದು ತಾನಾಗಿಯೇ ಮಲಗಿಕೊಂಡಿತು. ಲೊಂಬೆ ಬುದ್ಧಿ ಹೇಳಲು ನೋಡಿದಳು.

“ಅಪ್ಪಾ, ದೊಡ್ಡ ಪರದೆ ತಂದ್ರೆ ಅವರು ನಿಮಗೆ ದೊಡ್ಡದಾಗಿ ಕಾಣ್ತಾರೆ. ನೀವು ಅವರಿಗೆ ಅಷ್ಟೇ ಕಾಣ್ತೀರ.”

“ನೀನು ಇಂಜೆಕ್ಷನ್ ಕೊಡೋದು ನೋಡ್ಕೋ ತಾಯಿ,” ಅಂದರು ಬಾಶಿ ಲೊಂಬೆ.

ಬಾನಾ ಲೊಂಬೆಯವರಿಗೆ ಯಂತ್ರದ ಚಿಂತೆ ಇರಲಿಲ್ಲ, ಗಂಡನ ಬಾಯಿಯದ್ದಿತ್ತು. ತಮ್ಮ ಬೆಂಬಾ ಜನಕ್ಕೂ ಹುಡುಗನ ಕಡೆಯ ಎನ್ಗೋನಿಯವರಿಗೂ ಅಜ್ಜಂದಿರ ಕಾಲದಿಂದ ಕೀಟಲೆಯ ನಂಟು. ಇವರು ಅವರನ್ನು ಇಲಿ ತಿನ್ನೋರು ಅನ್ನಬೇಕು, ಅವರು ಇವರನ್ನು ಕೋತಿ ತಿನ್ನೋರು ಅನ್ನಬೇಕು, ಯಾರೂ ಸಿಟ್ಟಾಗಬಾರದು. ಸಂತೆಯಲ್ಲಿ, ಬಸ್ಸಿನಲ್ಲಿ ಅದೆಲ್ಲ ಸರಿ. ಹೆಣ್ಣು ಕೇಳಲು ಬಂದವರ ಎದುರು, ಅದೂ ಮೊದಲ ಭೇಟಿಯಲ್ಲಿ, ಇಲಿ ತೆಗೆದರೆ ಗತಿಯೇನು? ಒಂದು ನಮಸ್ಕಾರ, ಒಂದು ಕ್ಷೇಮಸಮಾಚಾರ, ಅಲ್ಲಿಗೆ ಬಾಯಿ ಮುಚ್ಚಬೇಕು ಅಂತ ಆಕೆ ಗಂಡನಿಂದ ಮಾತು ತೆಗೆದುಕೊಂಡರು. ಮಾತು ಕೊಡುವುದರಲ್ಲಿ ಬಾಶಿ ಲೊಂಬೆ ಎಂದೂ ಜಿಪುಣರಲ್ಲ.

ಶುಕ್ರವಾರ ಸಂಜೆ ಲೊಂಬೆ ರಾತ್ರಿ ಡ್ಯೂಟಿಗೆ ಹೋದ ಮೇಲೆ ಅವರು ಅಂಗಡಿಗೆ ಹೋಗಿ, ಇದ್ದುದರಲ್ಲೇ ಅಗಲವಾದ ಪರದೆಯನ್ನೂ, ಅದರ ಪಕ್ಕದಲ್ಲಿಡುವ ಕಪ್ಪು ಪೆಟ್ಟಿಗೆಯನ್ನೂ ಆರಿಸಿದರು. ಕ್ಯಾಮೆರಾ ಬೇಕಾ ಅಂತ ಅಂಗಡಿಯವ ಕೇಳಿದ. ನಾನೇನು ಫೋಟೋ ಸ್ಟುಡಿಯೋ ಇಡ್ತಿಲ್ಲಪ್ಪ ಅಂದುಬಿಟ್ಟರು. ವ್ಯಾಪಾರಿಗಳ ಕುತಂತ್ರವನ್ನು ತಾವು ಹೇಗೆ ಭೇದಿಸಿದೆವು ಅನ್ನುವುದನ್ನು ಟ್ಯಾಕ್ಸಿಯವನಿಗೆ ಮನೆಯ ತನಕ ವಿವರಿಸಿದರು.

ಬೆಳಿಗ್ಗೆ ವೈರುಗಳನ್ನು ಬಣ್ಣ ನೋಡಿ ಸಿಕ್ಕಿಸಿ ಗುಂಡಿ ಒತ್ತಿದರು. ಹೆಂಡತಿಯನ್ನು ಕೂಗಿ ಕರೆಯುವಷ್ಟರಲ್ಲಿ ಯಂತ್ರ ಎದ್ದು ಕೂತಿತ್ತು. ಬಾಶಿ ಲೊಂಬೆಯವರ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲಿನ ನೀಲಿ ಬೆಟ್ಟ ಕಿಟಕಿಯಾಚೆಯ ಮಾವಿನ ಮರಕ್ಕಿಂತ ನಿಜವಾಗಿ ಕಂಡಿತು. ಬಾನಾ ಲೊಂಬೆ ಹಿಟ್ಟಿನ ಕೈಯಲ್ಲೇ ಬಂದು, ಸೆರಗಿನಂತೆ ಹೊದ್ದಿದ್ದ ಚಿಟೆಂಗೆ ಬಟ್ಟೆಯಿಂದ ಮುಖ ಒರೆಸಿಕೊಂಡು, ಚೆನ್ನಾಗಿದೆ ಅಂತ ಒಪ್ಪಿದರು. ಆಮೇಲೆ ಪರದೆಯ ಸುತ್ತ ಒಂದು ಸುತ್ತು ಬಂದು ಕೇಳಿದರು:

“ಬಾಶಿ ಲೊಂಬೆ, ಇದರ ಕಣ್ಣೆಲ್ಲಿ?”

ಹಳೆಯದರಲ್ಲಿ ಪರದೆಯ ಹಣೆಯ ಮೇಲೊಂದು ಪುಟ್ಟ ಕಣ್ಣಿತ್ತು. ಇದರ ಹಣೆ ನುಣ್ಣಗಿತ್ತು. ಹಿಂದೆ ನೋಡಿದರು, ಕೆಳಗೆ ನೋಡಿದರು, ಕಪ್ಪು ಪೆಟ್ಟಿಗೆಯ ನಾಲ್ಕು ಮಗ್ಗುಲನ್ನೂ ಸವರಿದರು. ಕಣ್ಣಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಲೊಂಬೆ ನಿಟ್ಟುಸಿರು ಬಿಟ್ಟು, ಅದಕ್ಕೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ, ಎಲ್ಲ ಬೇರೆ ಬೇರೆ ಕೊಳ್ಳಬೇಕು ಅಂದಳು. ಅಂಗಡಿಗೆ ಓಡಲು ಹೊತ್ತಿರಲಿಲ್ಲ. ಮನೆಯಲ್ಲಿದ್ದ ಫೋನುಗಳೆರಡೂ ಗುಂಡಿ ಫೋನುಗಳು. ಬಾನಾ ಲೊಂಬೆ ಮಂಚದ ಕೆಳಗಿಂದ ಲ್ಯಾಪ್‌ಟಾಪು ತಂದರು. ಸಕ್ಕರೆ ಡಬ್ಬವನ್ನೂ ತಂದರು.

ಬಾಶಿ ಲೊಂಬೆ ಹೊಸ ಕಂಪ್ಯೂಟರನ್ನು ಬೆನ್ನ ಹಿಂದೆ, ನೋಡುವವರಿಗೆ ಚೆನ್ನಾಗಿ ಕಾಣುವ ಹಾಗೆ ಇಟ್ಟುಕೊಂಡು ಕುಳಿತರು. ಚಕ್ರ ಸುತ್ತಿತು, ಗಿರಣಿ ಗುರುಗುಟ್ಟಿತು, ಕೊನೆಗೊಮ್ಮೆ ಚಿಪಾಟಾದ ಜಗಲಿ ಮೂಡಿತು. ಹೂವಿನ ವಸ್ತ್ರ ತಲೆಗೆ ಸುತ್ತಿಕೊಂಡ ಗೋಗೋ ಜೆರೆ, ಪಕ್ಕದಲ್ಲಿ ಡಾಲಿಟ್ಸೊ. ಬಾಶಿ ಲೊಂಬೆ ಸಂಪ್ರದಾಯದಂತೆ ತಲೆ ಬಾಗಿಸಿ, ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದರು. ತಲೆ ಎತ್ತಿದ್ದೇ ತಡ, ಮಾತು ಶುರುವಾಯಿತು.

ಮೊದಲು ಬೆಂಬಾ ಜನ ನದಿ ದಾಟಿ ಬಂದ ಕಥೆ. ಆಮೇಲೆ ತಮ್ಮ ಅಜ್ಜನ ಶೌರ್ಯ. ಆಮೇಲೆ ಲೊಂಬೆ ಮೊದಲ ಹಲ್ಲು ಬಿಟ್ಟ ಪ್ರಸಂಗ. ಹೆಂಡತಿ ಮೇಜಿನ ಕೆಳಗಿಂದ ಚಿವುಟಿದಷ್ಟೂ ಅವರಿಗೆ ಹುರುಪೇರಿತು. ಕೊನೆಗೆ ಇಲಿಯೂ ಹೊರಬಂತು. ಎನ್ಗೋನಿಯವರ ಮನೆಯಲ್ಲಿ ಬೆಕ್ಕುಗಳು ಹಸಿವಿನಿಂದ ಸಾಯುತ್ತವಂತೆ, ಯಾಕೆಂದರೆ ಯಜಮಾನರು ಏನೂ ಉಳಿಸುವುದಿಲ್ಲವಂತೆ, ಎಂದು ಹೇಳಿ ತಾವೇ ತೊಡೆ ತಟ್ಟಿಕೊಂಡು ನಕ್ಕರು. ಆ ಕಡೆ ಗೋಗೋ ಏನೋ ಗಂಭೀರವಾಗಿ ಹೇಳುತ್ತಲೇ ಇದ್ದರು. ಇವರ ಭಾಷಣದ ಭರದಲ್ಲಿ ಅದು ಇವರ ಕಿವಿಗೆ ಬೀಳಲಿಲ್ಲ.

“ಅವರು ನಗ್ತಾನೇ ಇಲ್ಲ ಕಣ್ರೀ,” ಅಂತ ಬಾನಾ ಲೊಂಬೆ ಪಿಸುಗುಟ್ಟಿದರು.

“ದೊಡ್ಡವರು ಒಳಗೊಳಗೇ ನಗ್ತಾರೆ.”

ಇಲಿಯ ಎರಡನೇ ಕಥೆಯ ನಡುವೆ ಲ್ಯಾಪ್‌ಟಾಪು ಒಂದು ಸಲ ಬಿಕ್ಕಿ, ಪರದೆ ಕಪ್ಪಾಗಿ, ಪೂರ್ತಿ ಕಣ್ಣು ಮುಚ್ಚಿತು. ಬಾನಾ ಲೊಂಬೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಬಂಧ ಮುರಿಯಿತು, ಮಗಳ ಮುಖ ಹೇಗೆ ನೋಡಲಿ ಅಂತ ಒಳಗಿಂದ ಅಳುವ ಸದ್ದು ಕೇಳಿತು. ಬಾಶಿ ಲೊಂಬೆ ಬಾಗಿಲ ಹೊರಗೆ ನಿಂತರು. ಸಮಾಧಾನಕ್ಕೆ ಒಂದು ಮಾತೂ ಹೊಳೆಯಲಿಲ್ಲ. ಹಾಗಾದದ್ದು ಅವರ ಬಾಳಿನಲ್ಲಿ ಅದೇ ಮೊದಲು.

ಮಧ್ಯಾಹ್ನ ಲೊಂಬೆ ಓಡಿಬಂದಳು. ಡಾಲಿಟ್ಸೊ ಅವಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ್ದ. ಅಪ್ಪ ತಲೆ ಬಾಗಿಸಿ ಚಪ್ಪಾಳೆ ತಟ್ಟಿದ ಗಳಿಗೆಯಲ್ಲೇ ಲ್ಯಾಪ್‌ಟಾಪಿನ ಕಣ್ಣು, ಕಿವಿ ಎರಡೂ ಸುಸ್ತಾಗಿ ನಿಂತುಬಿಟ್ಟಿದ್ದವು. ಇವರಿಗೆ ಅವರು ಕಾಣುತ್ತಿದ್ದರು, ಅವರಿಗೆ ಮಾತ್ರ ಇವರ ಒಂದೇ ಚಿತ್ರ: ಬಾಗಿದ ತಲೆ, ಜೋಡಿಸಿದ ಕೈ. ಸದ್ದಿಲ್ಲ. ಮಂಜುಗಣ್ಣಿನ ಗೋಗೋ ತಮ್ಮ ಮನೆತನದ ಕಥೆಯನ್ನೆಲ್ಲ ಸಾವಕಾಶವಾಗಿ ಹೇಳಿದ್ದರು. ಡಾಲಿಟ್ಸೊ ಎಲ್ಲ ಗೊತ್ತಿದ್ದೂ ತೆಪ್ಪಗಿದ್ದ. (ಹುಡುಗ ಸಂಸಾರಕ್ಕೆ ಲಾಯಕ್ಕು ಅಂತ ಬಾನಾ ಲೊಂಬೆ ಆಗಲೇ ತೀರ್ಮಾನಿಸಿದರು.)

“ಅಷ್ಟು ಹೊತ್ತು ತಲೆ ಎತ್ತದೆ, ಅಡ್ಡ ಬಾಯಿ ಹಾಕದೆ ದೊಡ್ಡವರ ಮಾತು ಕೇಳೋ ಗಂಡಸನ್ನ ನಾನು ಕಂಡೇ ಇರಲಿಲ್ಲ ಅಂದ್ರಂತೆ,” ಎಂದಳು ಲೊಂಬೆ. “ಒಪ್ಪಿದಾರೆ. ಒಂದೇ ಒಂದು ಬೇಡಿಕೆ.”

“ಏನು ಬೇಕಾದರೂ ಕೇಳಲಿ,” ಅಂದರು ಅಪ್ಪ.

“ಎನ್‌ಡೋಲಾ ಕಡೆ ಮದುವೆಗಳಲ್ಲಿ ಯಾರೋ ಒಬ್ಬ ಮೈಕು ಹಿಡಿದ್ರೆ ಬಿಡೋದೇ ಇಲ್ಲವಂತೆ. ಅವನನ್ನ ಮಾತ್ರ ಕರೀಬೇಡಿ ಅಂದಿದಾರೆ. ನೀವು ಮದುವೆ ಪೂರ್ತಿ ಅವರ ಪಕ್ಕದಲ್ಲೇ ಕೂತಿರಬೇಕಂತೆ.”

ಮದುವೆಯ ದಿನ ಚಿಪಾಟಾದಲ್ಲಿ ಬೇರೆ ಯಾರೋ ಮೈಕು ಹಿಡಿದ. ಗಂಡಿನ ಹೆಸರು ತಪ್ಪು ಹೇಳಿದ, ಹಾಡು ಹಿಂದುಮುಂದು ಮಾಡಿದ, ನಗಬೇಕಾದಲ್ಲಿ ಕೆಮ್ಮಿದ. ಗೋಗೋ ಪಕ್ಕದ ಕುರ್ಚಿಯಲ್ಲಿ ಬಾಶಿ ಲೊಂಬೆ ತುಟಿ ಬಿಗಿದು ಕುಳಿತಿದ್ದರು. ಕಿವಿ ಕೆಂಪಾಗಿತ್ತು, ಕಾಲು ತಾನಾಗಿಯೇ ಕುಣಿಯುತ್ತಿತ್ತು. ಬಾಯಿ ತೆರೆಯುವ ಲಕ್ಷಣ ಕಂಡಾಗಲೆಲ್ಲ ಬಾನಾ ಲೊಂಬೆ ಅದರೊಳಗೊಂದು ಕೋಳಿ ತುಂಡು ಇಡುತ್ತಿದ್ದರು. ಗೋಗೋ ಬಾಶಿ ಲೊಂಬೆಯವರ ಕೈ ಸವರಿ, ಬಾನಾ ಲೊಂಬೆಯ ಕಡೆ ಕನಿಕರದಿಂದ ಬಾಗಿದರು.

“ಇಷ್ಟು ಮಾತು ಕಡಿಮೆ ಇರೋ ಗಂಡನ ಜೊತೆ ಹೇಗಮ್ಮ ಬಾಳ್ವೆ ಮಾಡಿದೆ? ಬೇಜಾರಾಗಲ್ವಾ?”

“ಏನ್ ಮಾಡೋದು ಗೋಗೋ,” ಅಂದರು ಬಾನಾ ಲೊಂಬೆ, ಇನ್ನೊಂದು ತುಂಡು ಆರಿಸುತ್ತಾ. “ಈಗೀಗ ಅಭ್ಯಾಸ ಆಗ್ತಾ ಇದೆ.”