ಮಾಮಾ ಸಮುದ್ರಕ್ಕ ಹೋದ, ಗಿರಣಿ ನನ್ನ ಕೈಗೆ ಬಂತು

ಹಿಟ್ಟಿನ ಗಿರಣಿ ಅಂದಮ್ಯಾಲೆ ದಿನಾ ಒಂದಿಲ್ಲೊಂದು ನಡದ ನಡೀತೈತಿ. ಅದರಾಗ ಮಾಲಕ ಪ್ರವಾಸಕ್ಕ ಹೊಂಟನಂದ್ರ ಕೇಳೋದ ಬ್ಯಾಡ, ನಕ್ಕೊಂತ ನಿಂತರ ಬೀಸೋರು ಯಾರು?

ಗಂಗಾವತಿ ಹಳೇ ಪ್ಯಾಟಿಯೊಳಗ ನಮ್ಮ ಮಾಮಾನ ಗಿರಣಿ ಐತಿ. ಮಾಮಾ ಅಂದ್ರ ನಮ್ಮವ್ವನ ಅಣ್ಣ. ಗಿರಣಿ ಬಿಟ್ಟು ಆತ ಭಾಳ ದೂರ ಹೋಗಿದ್ದು ಅಂದ್ರ ಕುಷ್ಟಗಿ, ಅದೂ ಬೀಸೋ ಕಲ್ಲು ತರಾಕ. ಆತನ ಹೆಂಡತಿ ನಮ್ಮ ಅತ್ತಿ, ಆಕಿಗೆ ಮಾತ್ರ ಮದುವಿ ಆದಾಗಿಂದ ಒಂದ ಆಸೆ, ಸಮುದ್ರ ನೋಡಬೇಕು. ಗಿರಣಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ ಒಂದು ಸಮುದ್ರ ಇತ್ತು, ಅದರ ಮ್ಯಾಲೂ ಹಿಟ್ಟು ಕುಂತು ಹಾಲಿನ ಕೆರಿ ಆಗಿತ್ತು. "ಈ ಸಲ ಕರಕೊಂಡು ಹೋಗಲಿಲ್ಲಂದ್ರ ನಾ ಒಬ್ಬಾಕಿನ ಹೋಗಿ ಮೀನಿನ ಕೂಡ ಮಾತಾಡಿಕೊಂತ ಕುಂದರತೀನಿ," ಅಂತ ಅತ್ತಿ ಅಂದಮ್ಯಾಲೆ ಮಾಮಾ ಗೋಕರ್ಣಕ್ಕ ಒಪ್ಪಿದ. ಕರಾರು ಒಂದ: ಗಿರಣಿ ಬಾಗಿಲಾ ಹಾಕಂಗಿಲ್ಲ, ನಾನು ನಡಸಬೇಕು, ಅದಕ್ಕೂ ಮೊದಲು ತಾಲೀಮು. ತಾಲೀಮಿನಾಗ ತಪ್ಪಾತಂದ್ರ ಪ್ರವಾಸ ರದ್ದು.

ಸಾಲಿ ಬಿಟ್ಟಮ್ಯಾಲೆ ನನ್ನ ಕೈಗೆ ಯಾರೂ ಒಂದು ಸೈಕಲ್ ಸುದ್ಧಾ ಕೊಟ್ಟಿರಲಿಲ್ಲ. ಈಗ ಇಡೀ ಗಿರಣಿ. ನನ್ನ ಕಾಲು ನೆಲದ ಮ್ಯಾಲೆ ನಿಲ್ಲಲಿಲ್ಲ.

ಎದುರಿನ ಹೋಟೆಲಿನಾಗ ಗೋಕರ್ಣ

ತಾಲೀಮಿನ ಮೊದಲನೇ ದಿನ ಮಾಮಾ ಎದುರಿನ ಚಹಾದ ಹೋಟೆಲಿಗೆ ಹೋಗಿ ಕುಂತ. "ನಾ ಗೋಕರ್ಣದಾಗ ಅದೀನಂತ ತಿಳಕೋ. ನನ್ನ ಕಡೆ ನೋಡಬ್ಯಾಡ," ಅಂದ. ತಲಿಗೆ ಟವಲ್ ಸುತಗೊಂಡು ಮಾರಿ ಮುಚ್ಚಿದ್ದ, ಕಣ್ಣು ಮಾತ್ರ ಗಿರಣಿ ಮ್ಯಾಲೆ.

ನನಗ ಸುಮ್ಮನಿರಾಕ ಆಗತೈತೇನು? ಹಿಟ್ಟು ದಪ್ಪ ಆಗೈತಿ ಅಂದವರಿಗೆ, ನನ್ನ ಡಬ್ಬಿ ಮುಂದ ಆಕಿ ಡಬ್ಬಿ ಯಾಕ ಇಟ್ಟಿ ಅಂದವರಿಗೆ, ಎಲ್ಲಾರಿಗೂ "ಮಾಲಕರು ಗೋಕರ್ಣದಾಗ ಅದಾರ, ಅವರನ್ನ ಕೇಳ್ರಿ" ಅಂತ ಹೋಟೆಲ್ ಕಡೆ ಕೈ ಮಾಡಿದೆ. ಸಂಜಿ ಮಟ ಮಾಮಾನ ಟೇಬಲ್ ಸುತ್ತ ಡಬ್ಬಿ ಹಿಡಕೊಂಡವರ ಪಾಳಿ. ಆತ ಎಲ್ಲಾರಿಗೂ ಕೈ ಮುಗದು ತಾನು ಊರಾಗಿಲ್ಲ ಅಂತ ಹೇಳಿ ಹೇಳಿ ಸಾಕಾದ. ಕಡೀಕ ಒಬ್ಬಾಕಿ ಅಜ್ಜಿ ಟವಲ್ ಎತ್ತಿ ಅವನ ಮಾರಿ ನೋಡಿ ಅಂದ್ಲು:

"ಹಂಗಿದ್ರ ಬರೋ ಮುಂದ ನನಗೊಂದು ರುದ್ರಾಕ್ಷಿ ಸರ ತಗೊಂಡು ಬಾ ತಮ್ಮಾ."

ಮಾಮಾನ ಕಣ್ಣೀರು

ನಮ್ಮಲ್ಲಿ ಇರೋದು ಒಂದ ಯಂತ್ರ. ಹಂಗಾಗಿ ಖಾರ ಎಲ್ಲಾದರ ಕಡೀಕ ಬೀಸೋದು, ಆಮ್ಯಾಲೆ ಒಂದು ಬೊಗಸಿ ನುಚ್ಚು ಹಾಕಿ ಬೀಸಿ ಚೆಲ್ಲೋದು. ಅದಕ್ಕ ಕಲ್ಲು ತೊಳಿಯೋದು ಅಂತೀವಿ, ನೀರು ಮಾತ್ರ ಮುಟ್ಟಿಸಂಗಿಲ್ಲ. ತಾಲೀಮಿನ ಹುರುಪಿನಾಗ ನಾನು ಕಲ್ಲು ತೊಳಿಯೋದ ಮರತೆ. ಮರುದಿನ ಮುಂಜಾನೆ ಮೊದಲಿಗೆ ಸುರುವಿದ ಜ್ವಾಳ ಯಾರದು? ಅತ್ತೀದು.

ಮಧ್ಯಾಹ್ನ ಊಟಕ್ಕ ಕುಂತರ ರೊಟ್ಟಿ ನಸುಗೆಂಪು. ಮಾಮಾ ಒಂದು ತುತ್ತು ತಿಂದ, ಕಣ್ಣಾಗ ನೀರು ಬಂತು, ಮೂಗಿನಾಗೂ ಬಂತು. ತಪ್ಪು ಗೊತ್ತಾತಂದ್ರ ಅತ್ತಿ ಸಮುದ್ರ ತಾಟಿನಾಗ ಬತ್ತಿ ಹೋಗತೈತಿ. ಅತ್ತಿ ಒಂದು ಸಲ ರೊಟ್ಟಿ ನೋಡಿದ್ಲು, ಒಂದು ಸಲ ನನ್ನ ನೋಡಿದ್ಲು, ಆಮ್ಯಾಲೆ ಮಾಮಾನ ಕೈಗೆ ನೀರಿನ ತಂಬಿಗಿ ಕೊಟ್ಟು, "ಗಿರಣಿ ಬಿಟ್ಟು ಹೋಗಬೇಕಂತ ಹಿಂಗ ಅಳ್ತಾರೇನ್ರಿ? ನಾಕ ದಿನದ ಮಾತು," ಅಂದ್ಲು.

ಮಾಮಾ ಸುರ್ ಅಂತ ಮೂಗು ಏರಿಸಿಕೊಂಡ. "ನನಗೂ ಈಗ ಗೊತ್ತಾತು ನೋಡು, ನಾ ಇಷ್ಟು ಹಚಗೊಂಡೀನಂತ," ಅಂದು ಇನ್ನೊಂದು ರೊಟ್ಟಿ ತಗೊಂಡ.

ಯಾತರ ಮ್ಯಾಲೆ ಓಡ್ತೈತಿ?

ಅಂತೂ ಬಸ್ ಹತ್ತಿದರು. ಕೊಪ್ಪಳ ಬಸ್‌ಸ್ಟ್ಯಾಂಡಿನಿಂದ ಮಾಮಾನ ಮೊದಲನೇ ಫೋನ್. ಮಾತು ಬ್ಯಾಡ, ಫೋನ್ ಕಲ್ಲಿನ ಕಡೆ ಹಿಡಿ ಅಂದ. ಗಿರಣಿ ಆವಾಜ್ ಕೇಳಿ ಸಮಾಧಾನ ಮಾಡಿಕೊಂಡ. ಗದಗದಾಗ ಮತ್ತ, ಹುಬ್ಬಳ್ಳ್ಯಾಗ ಮತ್ತ. ನನಗ ಒಂದು ಮಿರ್ಚಿ ತಿನ್ನಾಕ ಬಿಡವಲ್ಲ. ಅದಕ್ಕ ಹೋಟೆಲಿನವನ ಮೊಬೈಲಿನಾಗ ಗಿರಣಿ ಆವಾಜ್ ರೆಕಾರ್ಡ್ ಮಾಡಿಟ್ಟೆ. ಮುಂದಿನ ಫೋನ್ ಬಂದಾಗ ಹೋಟೆಲಿನಾಗ ಕುಂತಲ್ಲೇ ಎರಡೂ ಮೊಬೈಲ್ ಮಾರಿಗೆ ಮಾರಿ ಹಚ್ಚಿ ಹಿಡಿದೆ. ಮಾಮಾ ಭಾಳ ಹೊತ್ತು ಕೇಳಿದ.

"ಛಲೋ ಓಡಾಕತ್ತೈತಿ," ಅಂದ. "ಆದರ ಒಂದು ತಾಸಿನಿಂದ ಅಲ್ಲಿ ಕರೆಂಟ್ ಇಲ್ಲಂತ ನಿಮ್ಮವ್ವ ಈಗ ಫೋನ್ ಮಾಡಿ ಹೇಳಿದ್ಲಲ್ಲ. ಗಿರಣಿ ಯಾತರ ಮ್ಯಾಲೆ ಓಡ್ತೈತಿ?"

"ಮೊಬೈಲ್ ಚಾರ್ಜಿನ ಮ್ಯಾಲೆ, ಮಾಮಾ."

ಟೋಪಿಯಾಂವ

ಮಾಮಾ ಅಲ್ಲೇ ಇಳದು ತಿರುಗಿ ಬರಾಕ ಹೊಂಟಿದ್ನಂತ. ಅತ್ತಿ ಅಡ್ಡ ಕಾಲು ಚಾಚಿ ಕುಂತಿದ್ದಕ್ಕ ಸಮುದ್ರ ಉಳೀತು.

ಮರುದಿನ ಗಿರಣಿ ಮುಂದ ಒಂದು ಕಾರು ಬಂದು ನಿಂತಿತು, ಅಂಜನಾದ್ರಿ ಬೆಟ್ಟಕ್ಕ ಹಾದಿ ಕೇಳಾಕ. ಟೋಪಿ ಹಾಕಿದಾಂವ ಒಬ್ಬ ಇಳದ. ಹಾದಿ ಕೇಳೋದು ಬಿಟ್ಟು ಕಿವಿ ಕೊಟ್ಟು ನಿಂತ.

"ಎಂಥದೋ ಮಾರಾಯಾ, ಕಲ್ಲು ಸಡ್ಲಾಗಿದೆ, ಕೇಳೂದಿಲ್ವಾ ನಿಂಗೆ?" ಅಂದು ಸೀದಾ ಒಳಗ ಬಂದು ತಾನ ತಿರುಪು ಬಿಗಿ ಮಾಡಿದ. ಹಿಟ್ಟು ರೇಷ್ಮಿ ಹಂಗ ಬರಾಕ ಹತ್ತಿತು. ಅವನ ಹೆಂಡತಿ ಕಾರಿನಾಗ ಕುಂತು ಹಾರ್ನ್ ಹೊಡದ ಹೊಡದ್ಲು. ಆತ ಹೋದಮ್ಯಾಲೆ ಪಾಳಿಯಾಗಿದ್ದ ಆ ರುದ್ರಾಕ್ಷಿ ಅಜ್ಜಿ ತನ್ನ ಹಿಟ್ಟು ಮುಟ್ಟಿ ನೋಡಿ, "ಈತನ್ನ ಇಟಗೋರಿ," ಅಂದ್ಲು. "ನಿಮ್ಮ ಮಾಮಾ ಅಲ್ಲೇ ಸಮುದ್ರದಾಗ ಇರ್ಲಿ."

ಬಿಳಿ ಹುಬ್ಬು

ಮುಂದ ಒಂದು ಸಂಜಿ ಅತ್ತಿ ಫೋಟೋ ಕಳಿಸಿದ್ಲು. ತೆರಿ ನಡುವ ಮಾಮಾ, ಬಾಜೂಕ ಅತ್ತಿ, ನೆರಿಗಿ ಎತ್ತಿ ಹಿಡದು ಬಾಯಿ ತುಂಬ ನಗಾಕತ್ತಿದ್ಲು. ಆದರ ಮಾಮಾನ ಹುಬ್ಬು ಬೆಳ್ಳಗ, ಮೀಸಿ ಬೆಳ್ಳಗ. ಹೋಗೋ ಮುಂದ ಅತ್ತಿ ತಿಕ್ಕಿ ತಿಕ್ಕಿ ತೊಳದು ಕರ್ರಗ ಮಾಡಿ ಕರಕೊಂಡು ಹೋಗಿದ್ಲು. ನಾನು ಆಕಿಗೆ ಫೋನ್ ಹಚ್ಚಿ, ಸಮುದ್ರದಾಗ ಹಿಟ್ಟು ಎಲ್ಲಿಂದ ಬಂತು ಅಂತ ಕೇಳಿದೆ.

ಅವರು ಇಳಕೊಂಡಿದ್ದ ಲಾಡ್ಜಿನ ಹಿಂದ ಒಂದು ಗಿರಣಿ ಇತ್ತಂತ. ಮುಂಜಾನೆ ಅದರ ಆವಾಜ್ ಕೇಳಿ ಮಾಮಾ ಹಲ್ಲು ತಿಕ್ಕೋದು ಬಿಟ್ಟು ಓಡ್ಯಾನ. ಅಲ್ಲಿ ಮಾಲಕ ಇಲ್ಲ, ನನ್ನಂಥಾ ಅಳಿಯ ಒಬ್ಬ, ಕಲ್ಲು ತೊಳೀದ ಖಾರದ ಮ್ಯಾಲೆ ಅಕ್ಕಿ ಸುರುವಾಕತ್ತಿದ್ದ. ಮಾಮಾ ಅವನ ಕಿವಿ ಹಿಂಡಿ ತಾನ ಬೀಸಾಕ ನಿಂತಾನ. ಅತ್ತಿ ಒಂದು ದಿನ ಸಮುದ್ರ ಒಬ್ಬಾಕಿನ ನೋಡಿದ್ಲು. ಮರುದಿನ ಗಿರಣಿಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ, ಹಿಟ್ಟಿನ ಮಾರೀಲೇ ಮಾಮಾನ್ನ ಎಳಕೊಂಡು ಬಂದು ತೆರಿಯೊಳಗ ನಿಲ್ಲಿಸಿದ್ಲು. ಮಾಮಾ ಭಾಳ ಹೊತ್ತು ನೋಡಿ ಅಂದನಂತ: "ಎಷ್ಟು ಛಲೋ ಓಡಾಕತ್ತೈತಿ ನೋಡು, ಕರೆಂಟ್ ಇಲ್ಲದ."

"ಅಲ್ಲಿ ಮಾಲಕ ಎಲ್ಲಿಗೆ ಹೋಗ್ಯಾನ ಅತ್ತಿ?" ಅಂದೆ.

"ನಮ್ಮ ಗಂಗಾವತಿ ಕಡೇನ ಹೋಗ್ಯಾನಂತ. ಹೆಂಡ್ತಿ ಬೆಟ್ಟ ನೋಡಬೇಕಂತ ಹಟ ಹಿಡದಿದ್ಲಂತ ಪಾಪ. ನೋಡಿದ್ಲೋ ಇಲ್ಲೋ."

ನಾನು ಹಿಂದ ತಿರುಗಿ ನೋಡಿದೆ. ಟೋಪಿಯಾಂವ ಮತ್ತ ಬಂದು, ಟೋಪಿ ತಗದಿಟ್ಟು, ನಮ್ಮ ಕಲ್ಲು ಬಿಚ್ಚಿಕೊಂಡು ಕುಂತಿದ್ದ. ಹೊರಗ ಹಾರ್ನ್ ಹೊಡಕೊಳ್ಳಾಕ ಹತ್ತಿತ್ತು.

"ಇನ್ನೂ ಇಲ್ಲ ಅತ್ತಿ," ಅಂದೆ. "ಅಲ್ಲಿ ನೀ ಸ್ವಿಚ್ ಆಫ್ ಮಾಡಿದ್ದು ಆಕಿಗೆ ಹೇಳಿ ಬರ್ತೀನಿ, ತಡಿ."