ಅಳಿಯದ ಕಲೆ

ಹೆಂಡತಿ ಸೋಪು ಮಾಡಿದರೆ ಗಂಡನಾದವನಿಗೆ ಅದರಲ್ಲಿ ಸುಮ್ಮನೆ ಸ್ನಾನ ಮಾಡಿಕೊಂಡಿರಲು ಏನು ಕಷ್ಟ? ಕಷ್ಟವಿತ್ತು. ಏಕೆಂದರೆ ಆ ಗಂಡ ನಮ್ಮ ಸುತ್ತೋಲೆಯವರು. ಕಚೇರಿಯಲ್ಲಿ ಸುತ್ತೋಲೆ ಬರೆದು ಬರೆದು ಆ ಹೆಸರೇ ಅವರಿಗೆ ಅಂಟಿಕೊಂಡಿತ್ತು. ‘ನಾಳೆ ಹಾಲು ಬೇಡ’ ಎಂದು ಬಾಗಿಲಿಗೆ ಚೀಟಿ ಸಿಕ್ಕಿಸಬೇಕಾದರೂ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದೇ ಶುರು ಮಾಡುವ ಜೀವ. (ಹಾಲಿನವನು ಮೊದಲ ಸಾಲಿಗೇ ಸುಸ್ತಾಗಿ ಹಾಲು ಹಾಕಿಯೇ ಹೋಗುತ್ತಿದ್ದ.)

ಸೋಪುಗಳು ಬೀರುವಿನ ಮೇಲೆ ಹಳೆ ಪತ್ರಿಕೆ ಹಾಸಿಕೊಂಡು ವಾರಗಟ್ಟಲೆ ಒಣಗಿ ಗಟ್ಟಿಯಾಗಿದ್ದವು. ಕಾಫಿಪುಡಿಯದು, ನಿಂಬೆ ಸಿಪ್ಪೆಯದು, ಗುಲಾಬಿಯದು. ಜೊತೆಗೆ ಸ್ನಾನದ ನೀರಿಗೆ ಹಾಕಿಕೊಳ್ಳುವ ಪರಿಮಳದ ಉಪ್ಪಿನ ಡಬ್ಬಿಗಳು. ಭಾನುವಾರ ಶಾಲೆಯ ಮೈದಾನದಲ್ಲಿ ನಡೆಯುವ ಸಂತೆಯಲ್ಲಿ ಅವಳಿಗೊಂದು ಮೇಜು ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇತ್ತು. ಬೀದಿ ಮೂಲೆಯ ದೊಡ್ಡ ಅಂಗಡಿಯ ಮಾಲೀಕರು ಬಂದು ನೋಡುತ್ತಾರಂತೆ. ಜನ ಮುಗಿಬಿದ್ದು ಕೊಂಡರೆ ಅಂಗಡಿಯಲ್ಲಿ ಒಂದು ಶೆಲ್ಫನ್ನೇ ಬಿಟ್ಟುಕೊಡುತ್ತಾರಂತೆ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ನನಗೇ ಅಂತ ಒಂದು ಶೆಲ್ಫು ಕಣಮ್ಮಾ!” ಎಂದು ತಾಯಿಯ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರಕಿ ಹೊಡೆಸಿದ್ದಳು.

“ಬಿಡೇ, ಮಂಡಿ ಹಿಡ್ಕೊಳ್ಳುತ್ತೆ!” ಎನ್ನುತ್ತಲೇ ತಾಯಿ ಇನ್ನೊಂದು ಸುತ್ತು ಹೊಡೆದಿದ್ದರು.

ಈ ಸಂಭ್ರಮಕ್ಕೆ ಸುತ್ತೋಲೆಯವರೂ ಧುಮುಕಿದರು. “ಲೇಬಲ್ಲು ನನಗೆ ಬಿಡು! ಕೈಯಲ್ಲಿ ಮಾಡಿದ ಸೋಪಿಗೆ ಕೈಬರಹದ ಲೇಬಲ್ಲು! ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಂತ ಕಚೇರಿಯೇ ಹೇಳುತ್ತೆ.”

“ಹೆಸರು, ತೂಕ, ಏನೇನು ಹಾಕಿದೆ. ಅಷ್ಟೇ ರೀ. ಸೋಪು ಅಂಗೈಯಷ್ಟಿದೆ, ನಿಮ್ಮ ಕಡತ ಅಲ್ಲ.”

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ನೀಲಿ ಶಾಯಿ ಪೆನ್ನು ಹಿಡಿದು ಕುಳಿತವರು ಮೊದಲ ಲೇಬಲ್ಲನ್ನು ಗಂಭೀರವಾಗಿ ಓದಿದರು: “ವಿಷಯ: ಮೈ ತೊಳೆಯುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸೋಪು ಈ ಕೂಡಲೇ ಜಾರಿಗೆ ಬರುತ್ತದೆ.”

“ಸೋಪು ಜಾರದೆ ಇನ್ನೇನು ಮಾಡುತ್ತೆ ಅಳಿಯಂದಿರೇ?” ಎಂದರು ಅತ್ತೆ, ಡಬ್ಬಿ ಒರೆಸುತ್ತಾ. ಕೈಯಲ್ಲಿದ್ದ ಉಪ್ಪಿನ ಡಬ್ಬಿಯ ಮೇಲೆ ಆಗಲೇ ‘ರುಚಿಗೆ ತಕ್ಕಷ್ಟು’ ಎಂದು ಬರೆದಾಗಿತ್ತು. ಅದನ್ನು ಮಗಳಿಗೆ ತೋರಿಸಿದರು.

ಹೆಂಡತಿ ಪೆನ್ನು ಕಸಿದುಕೊಂಡು ಎಲ್ಲವನ್ನೂ ಹೊಡೆದು ಹಾಕಿದಳು. ಸುತ್ತೋಲೆಯವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವರು ಹೆಸರು, ತೂಕ ಎಂದು ಬರೆಯತೊಡಗಿದರು, ನಡುನಡುವೆ ನಿಟ್ಟುಸಿರು. ಅವಳಿಗೆ ಕರುಳು ಚುರುಕ್ ಎಂದಿತು. “ಹೋಗಲಿ ರೀ, ಹಿಂದುಗಡೆ ನಿಮ್ಮದೇ ಒಂದು ಸಾಲು ಬರ್ಕೊಳ್ಳಿ. ಒಂದೇ ಒಂದು!” ಎಂದು ಪೆಟ್ಟಿಗೆ ಕಟ್ಟಲು ಹೋದಳು. ಗಂಡನ ಮೇಲಿನ ಕರುಣೆ ದುಬಾರಿ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ತಿಳಿದಿರಬೇಕಿತ್ತು.

“ಏನು ಬರೆದ್ರಿ?” ಎಂದು ಸಂಜೆ ಕೇಳಿದರೆ, “ನಾಳೆ ಜನರ ಮುಖದಲ್ಲೇ ಓದ್ಕೋ” ಎಂದರು. ಅಷ್ಟು ಹೊತ್ತಿಗೆ ಲೇಬಲ್ಲೆಲ್ಲ ಅಂಟಿಸಿ, ಹಿಂಭಾಗ ಕೆಳಗೆ ಮಾಡಿ ಜೋಡಿಸಿಯೂ ಆಗಿತ್ತು.

ಮರುದಿನ ಮೇಜಿನ ಸುತ್ತ ಜನವೋ ಜನ. ಪರಿಮಳವೇ ಎಳೆದು ತರುತ್ತಿತ್ತು. ಕನ್ನಡಕದ ಹೆಂಗಸೊಬ್ಬರು ಗುಲಾಬಿ ಸೋಪು ಮೂಸಿ “ಆಹಾ!” ಎಂದರು. ಹಿಂದೆ ತಿರುಗಿಸಿ ಓದಿದರು. ಮೆಲ್ಲಗೆ ಕೆಳಗಿಟ್ಟು, ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು ಹೊರಟೇ ಹೋದರು. ಮುಂದಿನವರೂ ಮೂಸಿದರು, ಓದಿದರು, ಒರೆಸಿಕೊಂಡರು.

“ನೋಡಿದ್ಯಾ? ಮಾತೇ ಹೊರಡ್ತಿಲ್ಲ ಜನಕ್ಕೆ!” ಎಂದು ಸುತ್ತೋಲೆಯವರು ಹಿಗ್ಗಿದರು. ಹೆಂಡತಿ ಒಂದು ಸೋಪನ್ನು ತಿರುಗಿಸಿ ನೋಡಲು ಕೈ ಚಾಚಿದಳು. ಅಷ್ಟರಲ್ಲಿ ಅಂಗಡಿ ಮಾಲೀಕರೇ ಬಂದು ಒಂದು ಸೋಪು ಎತ್ತಿಕೊಂಡು ಗಟ್ಟಿಯಾಗಿ ಓದಿದರು: “ಒಮ್ಮೆ ಬಳಸಿ ನೋಡಿ! ನಮ್ಮ ಕಲೆ ನಿಮ್ಮ ಮೈಮೇಲೆ ಎಂದೆಂದಿಗೂ ಅಳಿಯದೆ ಉಳಿಯುತ್ತದೆ!”

ಓದಿ ಮುಗಿಸಿ ಕೈ ಮುಗಿದರು. “ಅಲ್ಲಮ್ಮಾ, ಇಷ್ಟು ಪ್ರಾಮಾಣಿಕ ವ್ಯಾಪಾರ ನಾನು ಎಲ್ಲೂ ನೋಡಿಲ್ಲ. ಕಲೆ ಆಗುತ್ತೆ, ಹೋಗೋದೂ ಇಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ!”

“ರೀ!” ಎಂದಳು ಹೆಂಡತಿ. ಆ ಒಂದಕ್ಷರಕ್ಕೆ ಪಕ್ಕದ ಮೇಜಿನವರೂ ಬೆದರಿ ನಿಂತರು.

“ಆ ಕಲೆ ಅಲ್ಲ ಕಣೇ! ಚಿತ್ರ, ಸಂಗೀತ, ಶಿಲ್ಪ… ಈ ಕಲೆ!”

“ಸೋಪಿನ ಮೇಲೆ ಬರೆದ್ರೆ ಶಿಲ್ಪ ನೆನಪಾಗುತ್ತೇನ್ರೀ ಯಾರಿಗಾದ್ರೂ? ಹೋಯ್ತು ನನ್ನ ಶೆಲ್ಫು!” ಅವಳ ಕಣ್ಣಲ್ಲಿ ನೀರು ತುಂಬಿತು.

ಆ ನೀರು ನೋಡಿದ್ದೇ ತಡ, ಸುತ್ತೋಲೆಯವರಲ್ಲಿ ವೀರಾವೇಶ ಉಕ್ಕಿತು. “ಸಾಬೀತು ಮಾಡ್ತೀನಿ!” ಎಂದು ಸೋಪೊಂದನ್ನು ಹಿಡಿದು, ಕೈ ತೊಳೆಯಲು ಇಟ್ಟಿದ್ದ ಬಕೆಟ್ಟಿಗೆ ಅದ್ದಿ, ಎಲ್ಲರೆದುರು ಮುಖಕ್ಕೆ ಗಸಗಸ ಉಜ್ಜಿದರು. ಲೇಬಲ್ಲು ಕೀಳಬೇಕೆಂದು ಹೊಳೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೂಗಿದರು: “ನೋಡಿ ಮಹಾಜನರೇ! ಎಲ್ಲಿದೆ ಕಲೆ?”

ಎಲ್ಲಿ ಇರಲಿಲ್ಲ ಎಂದು ಕೇಳಬೇಕಿತ್ತು. ಹಣೆಯಿಂದ ಗಲ್ಲದವರೆಗೆ ಮುತ್ತಿನಂಥ ಅಕ್ಷರಗಳೆಲ್ಲ ಕರಗಿ ನೀಲಿಯಾಗಿ ಹರಡಿದ್ದವು. ಮೈದಾನ ಘೊಳ್ಳೆಂದು ನಕ್ಕಿತು.

“ಒಂದಕ್ಷರ ತಪ್ಪು ಬರೆದಿದ್ದೀರಿ ಅಳಿಯಂದಿರೇ,” ಎಂದರು ಅತ್ತೆ. “ಕಲೆ ‘ಅಳಿಯದೆ’ ಅಲ್ಲ. ಕಲೆ ‘ಅಳಿಯಂದೇ’!”

ಹೆಂಡತಿ ಇನ್ನೊಂದು ಸೋಪಿನ ಲೇಬಲ್ಲು ಪರಕ್ಕೆಂದು ಕಿತ್ತೆಸೆದು, ಗಂಡನ ಕತ್ತು ಹಿಡಿದು ಬಗ್ಗಿಸಿ, ಎಳೆ ಮಗುವಿಗೆ ಉಜ್ಜುವಂತೆ ಉಜ್ಜಿದಳು. ಅರ್ಧ ಸಿಟ್ಟಿಗೆ, ಅರ್ಧ ಶಾಯಿಗೆ. ನೊರೆ ಉಕ್ಕಿತು, ನೀಲಿ ಇಳಿಯಿತು. ಎರಡು ಚೊಂಬು ನೀರು ಹೊಯ್ದು ತಲೆ ಎತ್ತಿಸಿದರೆ, ಮುಖ ಫಳಫಳ!

“ಮದುವೆ ದಿನವೂ ಇಷ್ಟು ಹೊಳೆದಿರಲಿಲ್ಲ!” ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

“ಶಾಯಿಯೂ ಹೋಗುತ್ತೇನ್ರೀ? ನನಗೆ ನಾಲ್ಕು ಕೊಡಿ!” ಕರವಸ್ತ್ರದ ಹೆಂಗಸು ಓಡಿಬಂದರು. ಅವರ ಹಿಂದೆ ಇಡೀ ಸಂತೆಯೇ ಬಂತು. ನೋಡನೋಡುತ್ತಿದ್ದಂತೆ ಮೇಜು ಬರಿದಾಯಿತು. ‘ರುಚಿಗೆ ತಕ್ಕಷ್ಟು’ ಉಪ್ಪೂ ಉಳಿಯಲಿಲ್ಲ.

“ಶೆಲ್ಫು ನಿಮ್ಮದೇ ಕಣಮ್ಮಾ,” ಎಂದರು ಮಾಲೀಕರು. ಅವಳು ಚಿಕ್ಕ ಹುಡುಗಿಯಂತೆ ನಿಂತಲ್ಲೇ ಕುಣಿದುಬಿಟ್ಟಳು. “ಆದರೆ ಒಂದು ಷರತ್ತು.”

“ಗೊತ್ತಾಯ್ತು. ಲೇಬಲ್ಲು ನಾನು ಬರೀಬಾರದು,” ಎಂದರು ಸುತ್ತೋಲೆಯವರು, ಮುಖ ಒರೆಸಿಕೊಳ್ಳುತ್ತಾ, ತ್ಯಾಗಿಯ ಗತ್ತಿನಲ್ಲಿ.

“ಲೇಬಲ್ಲು ಹೇಗಾದ್ರೂ ಇರಲಿ ಸ್ವಾಮಿ. ಪ್ರತಿ ಭಾನುವಾರ ನೀವು ಅಂಗಡಿ ಮುಂದೆ ಮುಖಕ್ಕೆ ಮಸಿ ಬಳ್ಕೊಂಡು ನಿಲ್ಲಬೇಕು. ಅಮ್ಮಾವ್ರು ತೊಳೀಬೇಕು.”

“ಏನು ಹೇಳ್ತಿದ್ದೀರಿ! ಕಚೇರಿಯಲ್ಲಿ ನನಗೊಂದು ಸ್ಥಾನಮಾನ…” ಎಂದು ರಕ್ಷಣೆಗಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ಆಗಲೇ ಅವರ ಜೇಬಿನಿಂದ ಶಾಯಿ ಪೆನ್ನು ಎಳೆದು ಮುಚ್ಚಳ ತೆಗೆಯುತ್ತಿದ್ದಳು.

“ಸದರಿ ಆದೇಶ,” ಎಂದಳು, “ಈ ಕೂಡಲೇ ಜಾರಿಗೆ ಬರುತ್ತೆ ರೀ.”